ಗಾರ್ಬೇಜ್ ಕಲೆಕ್ಟರ್ ಇದ್ದರೂ ಮೆಮೊರಿ ತುಂಬುವುದೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಸರ್ವರ್‌ನಲ್ಲಿರುವ ಜಾವಾ ಪ್ರೋಗ್ರಾಂ ಕೆಲವು ದಿನ ಚೆನ್ನಾಗಿ ನಡೆದು, ಬರಬರುತ್ತ ನಿಧಾನವಾಗಿ, ಕೊನೆಗೆ ‘ಔಟ್ ಆಫ್ ಮೆಮೊರಿ’ ಎಂದು ನಿಂತುಬಿಡುತ್ತದೆ. ಗಾರ್ಬೇಜ್ ಕಲೆಕ್ಟರ್ ಇರುವಾಗ ಹೀಗೇಕೆ? ಕಲೆಕ್ಟರ್‌ಗೆ ಕೆಲಸ ಹಚ್ಚುವ ‘ಸಿಸ್ಟಮ್.ಜಿಸಿ’ಯನ್ನು ನಾವೇ ಆಗಾಗ ಕರೆದರೆ ಸರಿಹೋದೀತೆ?

ಉತ್ತರ: ಗಾರ್ಬೇಜ್ ಕಲೆಕ್ಟರ್ ಎಂದರೆ ಬಳಕೆ ಮುಗಿದ ಮೆಮೊರಿಯನ್ನು ತಾನಾಗಿ ತೆರವುಗೊಳಿಸುವ ಜಾವಾದ ವ್ಯವಸ್ಥೆ. ಆದರೆ ಯಾವ ಆಬ್ಜೆಕ್ಟ್ (ಪ್ರೋಗ್ರಾಂ ಮೆಮೊರಿಯಲ್ಲಿ ರಚಿಸಿದ ದತ್ತಾಂಶದ ಘಟಕ) ನಿಮಗೆ ಇನ್ನು ಬೇಡವೆಂಬುದು ಕಲೆಕ್ಟರ್‌ಗೆ ತಿಳಿಯುವುದಿಲ್ಲ, ಯಾವುದನ್ನು ಪ್ರೋಗ್ರಾಂ ಇನ್ನು ತಲುಪಲಾರದು ಎಂಬುದಷ್ಟೇ ತಿಳಿಯುತ್ತದೆ. ಥ್ರೆಡ್‌ಗಳ ಸ್ಟ್ಯಾಕ್ (ನಡೆಯುತ್ತಿರುವ ಕೆಲಸಗಳ ತಾತ್ಕಾಲಿಕ ಮೆಮೊರಿ), ಸ್ಟ್ಯಾಟಿಕ್ ಫೀಲ್ಡ್ (ಸಾಮಾನ್ಯವಾಗಿ ಪ್ರೋಗ್ರಾಂ ನಡೆಯುವವರೆಗೂ ಉಳಿಯುವ ಚರ) ಮುಂತಾದ ಬೇರುಗಳಿಂದ ಹೊರಟು, ರೆಫರೆನ್ಸ್‌ಗಳ ಜಾಡು ಹಿಡಿದು ಒಂದು ಆಬ್ಜೆಕ್ಟ್‌ನಿಂದ ಇನ್ನೊಂದಕ್ಕೆ ಸಾಗುತ್ತ, ಸಿಕ್ಕಿದ್ದನ್ನೆಲ್ಲ ಉಳಿಸಿ, ಮಿಕ್ಕವುಗಳ ಜಾಗವನ್ನು ಅದು ಮರುಬಳಕೆಗೆ ಬಿಡುತ್ತದೆ. ಲಿಸ್ಪ್ ಭಾಷೆಯ ಕುರಿತು ಜಾನ್ ಮೆಕಾರ್ಥಿ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೇ ಈ ಉಪಾಯ ಇದೆ. ಅದರ ಮಿತಿಯೂ ಅಂದಿನಿಂದ ಹಾಗೆಯೇ ಉಳಿದಿದೆ.

ನಿಮ್ಮಂಥ ಪ್ರಕರಣಗಳಲ್ಲಿ ಮೊದಲು ಶಂಕಿಸಬೇಕಾದದ್ದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್‌ಗಳನ್ನು, ಅಂದರೆ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿಟ್ಟ, ಕೀಲಿ ಕೊಟ್ಟು ಮೌಲ್ಯ ಹುಡುಕುವ ಕೋಷ್ಟಕಗಳನ್ನು. ಬಳಕೆದಾರರು ಲಾಗಿನ್ ಆದಾಗ ಅವರ ಸೆಷನ್ ಅನ್ನು ಮ್ಯಾಪ್‌ಗೆ ಸೇರಿಸಿ, ಲಾಗೌಟ್ ಆದಾಗ ತೆಗೆಯುವ ಸಾಲನ್ನು ಬರೆಯದೆ ಬಿಟ್ಟಿದ್ದರೆ, ಆ ಸೆಷನ್ ಮಾತ್ರವಲ್ಲ, ಅದು ಹಿಡಿದಿರುವ ಪಟ್ಟಿಗಳು, ಆ ಪಟ್ಟಿಗಳೊಳಗಿನ ದಾಖಲೆಗಳು ಎಲ್ಲವೂ ಬೇರಿಗೆ ಅಂಟಿಕೊಂಡೇ ಇರುತ್ತವೆ. ಅಲ್ಪಾಯುಷಿ ಆಬ್ಜೆಕ್ಟ್‌ಗಳು ಎಳೆಯ ಪೀಳಿಗೆಯಲ್ಲೇ (ಹೊಸ ಆಬ್ಜೆಕ್ಟ್‌ಗಳಿಗೆ ಮೀಸಲಾದ ಜಾಗದಲ್ಲೇ) ಅಗ್ಗವಾಗಿ ತೆರವಾದರೆ, ಇವು ಒಂದೊಂದು ಸುತ್ತನ್ನೂ ದಾಟಿ ಹಳೆಯ ಪೀಳಿಗೆಗೆ (ಬಹುಕಾಲ ಉಳಿದವುಗಳ ಜಾಗಕ್ಕೆ) ಸೇರಿ ಅದನ್ನು ತುಂಬುತ್ತವೆ. ಆಗ ಕಲೆಕ್ಟರ್ ಮತ್ತೆ ಮತ್ತೆ ಇಡೀ ಹೀಪ್ ಅನ್ನು (ಆಬ್ಜೆಕ್ಟ್‌ಗಳಿರುವ ಮೆಮೊರಿಯನ್ನು) ಶೋಧಿಸಿಯೂ ಬಹಳ ಕಡಿಮೆ ಜಾಗವನ್ನು ಮರಳಿ ಪಡೆಯುತ್ತದೆ. ನೀವು ಕಂಡ ನಿಧಾನಕ್ಕೆ ಇದೇ ಕಾರಣವಿರಬಹುದು. ಜಾವಾದ ಕಲೆಕ್ಟರ್‌ಗಳಲ್ಲೊಂದಾದ ಪ್ಯಾರಲಲ್ ಕಲೆಕ್ಟರ್ ಅಂತೂ ಒಟ್ಟು ಸಮಯದ ಶೇ. 98ಕ್ಕಿಂತ ಹೆಚ್ಚನ್ನು ಈ ಕೆಲಸಕ್ಕೇ ವ್ಯಯಿಸಿಯೂ ಹೀಪ್‌ನ ಶೇ. 2ರಷ್ಟನ್ನೂ ಬಿಡಿಸಲಾಗದಿದ್ದರೆ ದೋಷ ತೋರಿಸಿ ಕೈಚೆಲ್ಲುತ್ತದೆ.

‘ಸಿಸ್ಟಮ್.ಜಿಸಿ’ ಕೇವಲ ವಿನಂತಿ. ಅದು ಈಡೇರಿದರೂ ಕಲೆಕ್ಟರ್ ಅದೇ ಬೇರುಗಳಿಂದ ಹೊರಟು ಅದೇ ಮ್ಯಾಪ್ ಅನ್ನು ಕಂಡು ಉಳಿಸುತ್ತದೆ. ಜೊತೆಗೆ ಪ್ರೋಗ್ರಾಂ ಅನಗತ್ಯವಾಗಿ ತಡೆದು ನಿಂತೀತು. 2020ರಲ್ಲಿ ಜಾವಾ 15ರೊಂದಿಗೆ ಪೂರ್ಣ ಬಳಕೆಗೆ ಬಂದ ಜೆಡ್‌ಜಿಸಿ ಎಂಬ ಕಲೆಕ್ಟರ್‌ಗೆ ಬದಲಾಯಿಸಿದರೂ ವಿರಾಮಗಳು ಕಿರಿದಾದಾವೇ ಹೊರತು ಸೋರಿಕೆ (ಬೇಡದ ಆಬ್ಜೆಕ್ಟ್‌ಗಳು ಮೆಮೊರಿ ಹಿಡಿದೇ ಇರುವುದು) ನಿಲ್ಲದು.

ಮೊದಲು ಜಿಸಿ ಲಾಗ್ (ಕಲೆಕ್ಟರ್‌ನ ಕೆಲಸದ ದಾಖಲೆ) ನೋಡಿ. ಪ್ರತಿ ಪೂರ್ಣ ಶೋಧದ ನಂತರ ಉಳಿಯುವ ಮೆಮೊರಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದು ಬಹುಪಾಲು ಸೋರಿಕೆಯೇ. ಒಂದೇ ಮಟ್ಟದಲ್ಲಿದ್ದರೆ ಹೀಪ್ ಗಾತ್ರವೇ ಸಾಲದಿರಬಹುದು. ಸೋರಿಕೆಯಾದರೆ ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ಪ್ರತಿ) ತೆಗೆದು, ಅತಿ ಹೆಚ್ಚು ಜಾಗ ಹಿಡಿದ ಆಬ್ಜೆಕ್ಟ್‌ನಿಂದ ಬೇರಿನವರೆಗಿನ ದಾರಿಯನ್ನು ಹಿಂಬಾಲಿಸಿ. ಅದನ್ನು ಬಿಡದೆ ಹಿಡಿದಿರುವ ಫೀಲ್ಡ್ ಯಾವುದೆಂಬುದು ಆ ದಾರಿಯಲ್ಲೇ ಸಿಗುತ್ತದೆ.