ನಾಯಿಯ ಕಪ್ಪು ಉಗುರು: ಎಲ್ಲಿಗೆ ನಿಲ್ಲಿಸಬೇಕು?

ಉಗುರಿನ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೊಂದೇ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ. ಬಿಳಿ ಉಗುರಿನ ನಾಯಿ ಸಾಕಿದವರಿಗೆ ಈ ತಾಪತ್ರಯವಿಲ್ಲ. ಒಳಗಿನ ಗುಲಾಬಿ ಬಣ್ಣ ಕಣ್ಣಿಗೇ ಕಾಣುತ್ತದೆ, ಅದಕ್ಕೆ 2 ಮಿ.ಮೀ. ಇರುವಾಗಲೇ ನಿಲ್ಲಿಸಿದರಾಯಿತು.

ಪ್ರಶ್ನೆ: ಡಾಕ್ಟ್ರೇ, ನಮ್ಮದು 4 ವರ್ಷದ ಲ್ಯಾಬ್ರಡಾರ್. ಉಗುರೆಲ್ಲ ಕಪ್ಪು, ಟೈಲ್ಸ್ ಮೇಲೆ ನಡೆದರೆ ಟಕಟಕ ಸದ್ದು. ಹೋದ ತಿಂಗಳು ಮನೆಯಲ್ಲೇ ಕತ್ತರಿಸಲು ಹೋಗಿ ರಕ್ತ ಬಂತು, ಅರಿಶಿನ ಹಚ್ಚಿದೆವು. ಈಗ ಕ್ಲಿಪ್ಪರ್ ಕಂಡರೆ ಮಂಚದಡಿ ಸೇರುತ್ತಾನೆ. "ರಕ್ತ ಬಂದರೂ ಪರವಾಗಿಲ್ಲ, ಒಂದೇ ಸಲ ಗಿಡ್ಡ ಮಾಡಿಬಿಡೋಣ, ಒಳಗಿನ ನರ ಹಿಂದೆ ಸರಿಯುತ್ತದೆ" ಎನ್ನುತ್ತಾರೆ ಗ್ರೂಮರ್. ಮಾಡಿಸಬಹುದೇ?

ಬೇಡ. ಆ ಗ್ರೂಮರ್ ಹತ್ತಿರ ಇನ್ನು ಹೋಗಲೂ ಬೇಡಿ. ಉಗುರಿನೊಳಗೆ ರಕ್ತನಾಳ, ನರ ಎರಡೂ ಇರುವ ಮೆತ್ತನೆಯ ಭಾಗವೊಂದಿದೆ, ಕ್ವಿಕ್ ಅನ್ನುತ್ತೇವೆ. ಅರಿವಳಿಕೆ ಕೊಡದೆ ಅದನ್ನು ಕತ್ತರಿಸುವುದು ಹಿಂಸೆ. ಮೇಲಾಗಿ, ಬಾಯಿ ತೆರೆದ ಉಗುರಿನಿಂದ ಸೋಂಕು ಒಳಗೆ ಹೋದರೆ ಬೆರಳ ತುದಿಯ ಮೂಳೆ ಅಲ್ಲೇ ಪಕ್ಕದಲ್ಲಿದೆ. ಕ್ವಿಕ್ ಹಿಂದೆ ಸರಿಯುವುದು ನಿಜ. ಆದರೆ ಅದಕ್ಕೆ ಕ್ವಿಕ್ ಮುಟ್ಟಬೇಕಾಗಿಲ್ಲ, ಅದರ ಮುಂದಿನ ಒಣ ಉಗುರನ್ನು ವಾರಕ್ಕೊಮ್ಮೆ 1 ಮಿ.ಮೀ.ನಷ್ಟು ತೆಗೆಯುತ್ತಿದ್ದರೆ ತಾನೇ ಹಿಂದೆ ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟ ಉಗುರಾದರೆ ಕೆಲವು ತಿಂಗಳೇ ಹಿಡಿಯಬಹುದು. ತಿಂಗಳಿಗೊಮ್ಮೆ ದೊಡ್ಡ ತುಂಡು ತೆಗೆಯುವವರಿಗೆ ಪ್ರತಿ ತಿಂಗಳೂ ರಕ್ತವೇ.

ಕಪ್ಪು ಉಗುರನ್ನು ಮೇಲಿನಿಂದ ನೋಡಿದರೆ ಏನೂ ತಿಳಿಯದು. ಪಾದ ತಿರುಗಿಸಿ ಕೆಳಗಿನಿಂದ ನೋಡಿ. ಕೊಕ್ಕೆಯಂತೆ ಬಾಗಿದ ತುದಿಯ ತಳದಲ್ಲಿ ಒಂದು ಕಾಲುವೆಯಂಥ ಟೊಳ್ಳು ಕಾಣುತ್ತದೆ. ಆ ಟೊಳ್ಳು ಇರುವಷ್ಟು ಭಾಗ ಸತ್ತ ಉಗುರು, ಅಲ್ಲಿ ಧೈರ್ಯವಾಗಿ ಕತ್ತರಿಸಿ. ಟೊಳ್ಳು ತುಂಬಿಕೊಂಡು ಉಗುರು ಗಟ್ಟಿಯಾಗಿ ದಪ್ಪಗಾಗುವಲ್ಲಿಂದ ಸಪೂರ ಬಿಲ್ಲೆಗಳಂತೆ ಮಾತ್ರ ತೆಗೆಯಬೇಕು. ಒಂದೊಂದು ಬಿಲ್ಲೆ ತೆಗೆದ ಮೇಲೂ ಕತ್ತರಿಸಿದ ಮುಖವನ್ನು ಟಾರ್ಚ್ ಹಾಕಿ ನೋಡಿ. ಮೊದಲು ಒಣಗಿದ, ಸುಣ್ಣದ ಪುಡಿಯಂಥ ಬಿಳಿ ಅಥವಾ ಬೂದು ಬಣ್ಣ. ಆಮೇಲೆ ನಟ್ಟನಡುವೆ ಕಪ್ಪಗೆ, ತುಸು ತೇವದ ಹೊಳಪಿನ ಚುಕ್ಕಿ. ಚುಕ್ಕಿ ಕಂಡಿತೋ, ಕ್ಲಿಪ್ಪರ್ ಕೆಳಗಿಡಿ. "ಇನ್ನೊಂದು ಚೂರು" ಅಂದವರೇ ನನಗೆ ಫೋನ್ ಮಾಡುವುದು.

ಲ್ಯಾಬ್ರಡಾರ್‌ನ ದಪ್ಪ ಉಗುರಿಗೆ ಕತ್ತರಿಯಂತೆ ಎರಡು ಅಲಗಿರುವ ಕ್ಲಿಪ್ಪರ್ ಬೇಕು. ರಂಧ್ರದೊಳಗೆ ಉಗುರು ತೂರಿಸುವ ಬಗೆಯದು ಸಣ್ಣ ನಾಯಿಗಳಿಗೆ. ಅಲಗು ಮೊಂಡಾಗಿದ್ದರೆ ಕತ್ತರಿಸುವ ಬದಲು ಉಗುರನ್ನು ಹಿಂಡುತ್ತದೆ, ಕ್ವಿಕ್ ತಾಗದಿದ್ದರೂ ನಾಯಿ ಕುಂಯ್ ಅನ್ನುತ್ತದೆ. ನಾಯಿಯದು ನಾಟಕ ಅಂದುಕೊಳ್ಳುವ ಮೊದಲು ಅಲಗು ಪರೀಕ್ಷಿಸಿ. ಉಗುರು ಉಜ್ಜಿ ಸವೆಸುವ ಗ್ರೈಂಡರ್ ಇದ್ದರೆ ಒಂದು ಜಾಗಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಉಗುರು ಸುಡುವಷ್ಟು ಬಿಸಿಯಾಗುತ್ತದೆ. ಸ್ನಾನವಾದ ಕೂಡಲೇ ಉಗುರು ಮೆತ್ತಗಿರುತ್ತದೆ, ಸೀಳುವುದು ಕಡಿಮೆ.

ಕಾಲನ್ನು ಪಕ್ಕಕ್ಕೆ ಎಳೆಯಬೇಡಿ, ಭುಜದ ಕೀಲು ಆ ಕಡೆಗೆ ಬಾಗುವುದಿಲ್ಲ. ಮುಂಗಾಲನ್ನು ಮುಂದಕ್ಕೆ, ಇಲ್ಲವೇ ಮಣಿಕಟ್ಟು ಮಡಚಿ ಹಿಂದಕ್ಕೆ. ಹಿಂಗಾಲನ್ನು ಲಾಳ ಹೊಡೆಯುವವರು ಕುದುರೆ ಕಾಲು ಹಿಡಿಯುವ ಹಾಗೆ ಹಿಂದಕ್ಕೆ. ಹೆಬ್ಬೆರಳು ಪಾದದ ಮೆತ್ತೆಯ ಮೇಲೆ, ತೋರುಬೆರಳು ಉಗುರಿನ ಬುಡದ ಮೇಲೆ. ನಾಲ್ಕು ಜನ ಸೇರಿ ನೆಲಕ್ಕೆ ಒತ್ತಿ ಹಿಡಿದರೆ ಇವತ್ತಿನ ಕೆಲಸ ಆಗಬಹುದು, ಮುಂದಿನ ಸಲ ಕಚ್ಚಿಸಿಕೊಳ್ಳುವವರೂ ನೀವೇ.

ಈಗಾಗಲೇ ಹೆದರಿರುವ ನಿಮ್ಮ ನಾಯಿಗೆ ಒಂದು ವಾರ ಕತ್ತರಿಸುವ ಮಾತೇ ಬೇಡ. ಊಟದ ತಟ್ಟೆ ಪಕ್ಕ ಕ್ಲಿಪ್ಪರ್ ಸುಮ್ಮನೆ ಬಿದ್ದಿರಲಿ. ಆಮೇಲೆ ನಾಲ್ಕೈದು ದಿನ ಪಾದ ಮುಟ್ಟಿ, ಬೇಯಿಸಿದ ಕೋಳಿಯ ಚೂರು ಕೊಡಿ, ಉಪ್ಪಿಲ್ಲದ್ದು. ಒಣದ್ರಾಕ್ಷಿ ಖಂಡಿತ ಬೇಡ, ನಾಯಿಗೆ ವಿಷ. 'ಕಟ್' ಎನ್ನುವ ಸದ್ದಿಗೆ ಹೆದರುವ ನಾಯಿಯಾದರೆ ತೆಂಗಿನ ಪೊರಕೆಯ ಕಡ್ಡಿಯನ್ನು ಅದರ ಪಾದದ ಹತ್ತಿರ ಕತ್ತರಿಸಿ ಸದ್ದು ರೂಢಿ ಮಾಡಿಸಿ. ಕೊನೆಗೆ ದಿನಕ್ಕೆ ಒಂದು ಉಗುರು. ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ಬಳಿದು ಮನೆಯವರೊಬ್ಬರು ಹಿಡಿಯಲಿ, ಅದು ನೆಕ್ಕುವುದರೊಳಗೆ ನಿಮ್ಮ ಕೆಲಸ ಮುಗಿಯಲಿ. ಇರುವುದು 18 ಉಗುರು, 18 ದಿನ. ಅವಸರವೇನಿದೆ?

ರಕ್ತ ಬಂದರೆ ಅರಿಶಿನದಿಂದ ಕೇಡಿಲ್ಲ, ಆದರೆ ಅದನ್ನು ನಂಬಿ ಕೂರಬೇಡಿ. ಹಳದಿ ಬಣ್ಣದಲ್ಲಿ ಎಷ್ಟು ರಕ್ತ ಹೋಗುತ್ತಿದೆ ಎಂಬುದೂ ಕಾಣುವುದಿಲ್ಲ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಚಮಚ ಕಾರ್ನ್‌ಫ್ಲೋರ್ ಹತ್ತಿಯ ಮೇಲೆ ಹಾಕಿ ಉಗುರ ತುದಿಗೆ ಗಟ್ಟಿಯಾಗಿ ಒತ್ತಿ, ಗಡಿಯಾರ ನೋಡಿ 5 ನಿಮಿಷ. ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಸುಣ್ಣ, ನಶ್ಯ, ಸೀಮೆಎಣ್ಣೆ ಯಾವುದೂ ಬೇಡ: ಸುಣ್ಣ ಸುಡುತ್ತದೆ, ನಶ್ಯ ನೆಕ್ಕಿದರೆ ನಿಕೋಟಿನ್ ಹೊಟ್ಟೆಗೆ. 20 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ, ಅದು ಬರೀ ಉಗುರಿನ ವಿಷಯವಲ್ಲದಿರಬಹುದು. ಉಣ್ಣೆಯಿಂದ ಹರಡುವ ಜ್ವರ ಎರ್ಲಿಕಿಯೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ; ಡಾಬರ್‌ಮನ್‌ಗಳಲ್ಲಿ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ತೊಂದರೆಯೊಂದು ಉಂಟು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ಪ್ರಶ್ನೆ: ನಮ್ಮ ನೇಲ್ ಕಟರ್ ಸಾಕಲ್ಲವೇ?

ಎಳೆ ಮರಿಯ ಸೂಜಿಮೊನೆಯಂಥ ತುದಿಗೆ ಸಾಕು. ಬೆಳೆದ ನಾಯಿಯ ಉಗುರು ದುಂಡಗಿನದು, ಚಪ್ಪಟೆ ಅಲಗು ಅದನ್ನು ಜಜ್ಜಿ ಸೀಳುತ್ತದೆ.

ಪ್ರಶ್ನೆ: ಮಂಗಳವಾರ, ಶುಕ್ರವಾರ ಕತ್ತರಿಸಬಹುದೇ?

ಉಳಿದ ಐದು ದಿನ ಕತ್ತರಿಸುತ್ತಿದ್ದೀರಾ?

ಪ್ರಶ್ನೆ: ದಿನಾ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇವೆ, ತಾನೇ ಸವೆಯುತ್ತದಲ್ಲ?

ನೆಲಕ್ಕೆ ತಾಗುವ ಉಗುರು ಸವೆದೀತು. ಮುಂಗಾಲಿನ ಒಳಬದಿಯಲ್ಲಿ ಮೇಲಿರುವ ಹೆಬ್ಬೆರಳಿನ ಉಗುರು ನೆಲವನ್ನೇ ಮುಟ್ಟುವುದಿಲ್ಲ. ಅದು ಸುರುಳಿ ಸುತ್ತಿ ಚರ್ಮದೊಳಗೆ ಹೊಕ್ಕ ಮೇಲೆ ಕರೆತರುವವರು ಬಹಳ ಜನ. ಇವತ್ತೇ ಕೂದಲು ಸರಿಸಿ ನೋಡಿ.

ಪ್ರಶ್ನೆ: ಹಿಂಗಾಲಲ್ಲೂ ಹೆಚ್ಚುವರಿ ಉಗುರಿದೆ. 20 ಉಗುರಿದ್ದರೆ ಅಸಲಿ ಜಾತಿ ಎಂದು ಮಾರಿದವರು ಹೇಳಿದರು.

ಮಾರುವವರು ಮತ್ತೇನು ಹೇಳುತ್ತಾರೆ? ಬೀದಿನಾಯಿಗಳಲ್ಲೂ ಇರುತ್ತದೆ. ಕತ್ತರಿಸಬೇಕಾದ ಉಗುರು ಎರಡು ಹೆಚ್ಚು, ಅಷ್ಟೇ.

ಪ್ರಶ್ನೆ: ಮುಧೋಳ ನಾಯಿಗೆ ಉಗುರು ಕತ್ತರಿಸಿದರೆ ಓಟ ಕುಗ್ಗುತ್ತದಂತೆ?

ಹೊಲದಲ್ಲಿ ಓಡುವ ನಾಯಿಗೆ ಹಿಡಿತಕ್ಕೆ ಉಗುರು ಬೇಕು, ಹಾಗಾಗಿ ನುಣ್ಣಗೆ ಮಾಡಬೇಡಿ. ನಿಂತಾಗ ತುದಿ ನೆಲಕ್ಕೆ ತಾಗದಿದ್ದರೆ ಸಾಕು. ಅಪಾರ್ಟ್‌ಮೆಂಟಿನ ಟೈಲ್ಸ್ ಮೇಲೆ ಬೆಳೆದ ಮುಧೋಳಕ್ಕೆ ಉದ್ದ ಉಗುರೇ ಶತ್ರು: ಬೆರಳು ಮೇಲಕ್ಕೆ ತಳ್ಳಿ, ಭಾರ ಹಿಂದಕ್ಕೆ ವಾಲಿ, ಕಾಲು ಜಾರುತ್ತದೆ.

ಪ್ರಶ್ನೆ: ಉಗುರು ಗಿಡ್ಡ ಮಾಡಿದ್ದೇವೆ, ಇನ್ನು ಪರಚಿದರೂ ರೇಬೀಸ್ ಭಯವಿಲ್ಲ ತಾನೇ?

ಉಗುರಿಗೂ ರೇಬೀಸ್ ರಕ್ಷಣೆಗೂ ಸಂಬಂಧವಿಲ್ಲ, ರಕ್ಷಣೆ ಲಸಿಕೆಯಿಂದ. ಪರಚಿದರೆ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ನಾಯಿಯ ಲಸಿಕೆ ಕಾರ್ಡ್ ಹಿಡಿದು ಅದೇ ದಿನ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: 5 ವರ್ಷದ ನಾಯಿ, ನಾಲ್ಕೂ ಕಾಲಿನ ಉಗುರು ಒಂದೊಂದಾಗಿ ಬುಡದಿಂದ ಸಡಿಲಾಗಿ ಬೀಳುತ್ತಿವೆ. ಕ್ಯಾಲ್ಸಿಯಂ ಕೊಡಲೇ?

ಕ್ಯಾಲ್ಸಿಯಂ ಡಬ್ಬಿ ಮುಚ್ಚಿಡಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಉಗುರಿನ ಬುಡದ ಮೇಲೆ ತಿರುಗಿಬೀಳುವ ಕಾಯಿಲೆಯಲ್ಲಿ ಹೀಗಾಗುತ್ತದೆ. ಫಂಗಸ್, ಬ್ಯಾಕ್ಟೀರಿಯಾ ಸೋಂಕನ್ನೂ ನೋಡಬೇಕು. ಬಿದ್ದ ಉಗುರನ್ನು ಒಣ ಡಬ್ಬಿಯಲ್ಲಿ ಹಾಕಿಕೊಂಡು ನಾಯಿಯನ್ನು ಈ ವಾರವೇ ತೋರಿಸಿ. ಒಂದೇ ಬೆರಳು ಊದಿಕೊಂಡು ಅದೇ ಉಗುರು ಪದೇ ಪದೇ ಬೀಳುವ ವಯಸ್ಸಾದ ನಾಯಿಯಾದರೆ ವಾರವೂ ಕಾಯಬೇಡಿ, ಅಲ್ಲಿ ಎಕ್ಸ್‌ರೇ ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡಬೇಕಾಗುತ್ತದೆ.