ಉರಿಮೂತ್ರಕ್ಕೆ ನೆಗ್ಗಿಲು ಕಷಾಯ ಸಾಕಾ?

ಮೂರು ದಿನದಿಂದ ಉರಿಮೂತ್ರ, ಆಂಟಿಬಯಾಟಿಕ್ ಬೇಡ, ನೆಗ್ಗಿಲು ಕಷಾಯ ಅಥವಾ ಬಾರ್ಲಿ ನೀರಿನಲ್ಲೇ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಮೂರು ದಿನ ಆಯಿತಲ್ಲ, ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಕಷಾಯದ ಮಾತು ಆಮೇಲೆ. ಚಳಿಜ್ವರ, ಪಕ್ಕೆನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಇದ್ದರೆ ಇವತ್ತೇ ಹೋಗಿ. ಬಸುರಿಯರು, ಸಕ್ಕರೆ ಕಾಯಿಲೆ ಇರುವವರು ಮನೆಮದ್ದು ನೋಡಿಕೊಂಡು ಕೂರಲೇಬಾರದು.

ನೀರು ಕಡಿಮೆಯಾಗಿ ಉರಿಯುವುದು ಬೇರೆ, ಸೋಂಕು ಬೇರೆ. ಮೊದಲನೆಯದಕ್ಕೆ ಚೆನ್ನಾಗಿ ನೀರು ಕುಡಿದರೆ ಆಯಿತು. ಸೋಂಕಿನಲ್ಲಿ ಹೆಚ್ಚಾಗಿ ಇ. ಕೋಲೈ ಅನ್ನುವ ಕರುಳಿನ ಬ್ಯಾಕ್ಟೀರಿಯಾ ಮೂತ್ರನಾಳ ಹತ್ತಿ ಮೂತ್ರಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಹೆಂಗಸರಲ್ಲಿ ಆ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಅಷ್ಟೇ. ಅವರಿಗೇ ಇದು ಜಾಸ್ತಿ ಕಾಡುವುದು ಅದಕ್ಕೇ.

ನೆಗ್ಗಿಲು ಹಳೆಯ ಮದ್ದು. ಮೂತ್ರ ಸಲೀಸಾಗಿ ಹೋಗಿಸುವ ಗಿಡಗಳ ಪಟ್ಟಿಯಲ್ಲಿ ಚರಕಸಂಹಿತೆಯೇ ಅದನ್ನು ಸೇರಿಸಿದೆ. ಆದರೆ ಅಂಟಿಕೊಂಡ ಸೋಂಕನ್ನು ಅದು ಓಡಿಸುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಬಾರ್ಲಿ ನೀರೂ ಹಾಗೇ. ನನಗೆ ಅದರ ರುಚಿ ಇಷ್ಟ, ಕುಡಿಯುತ್ತೇನೆ. ಆದರೆ ಕೆಲಸ ಮಾಡುವುದು ಬಾರ್ಲಿಗಿಂತ ನೀರೇ ಅನ್ನುವುದು ನನ್ನ ಅನಿಸಿಕೆ.

ಇದು ಸುಮ್ನೆ ಹೇಳುತ್ತಿಲ್ಲ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ಒಂದು ಅಧ್ಯಯನ ನಡೆದು, 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕಾಯಿತು, ಉಳಿದವರಿಗೆ 3.2 ಸಲ. ಕಿಡ್ನಿ ಅಥವಾ ಹೃದಯದ ತೊಂದರೆಗೆ ಡಾಕ್ಟರು ನೀರು ಮಿತಿ ಮಾಡಿದ್ದರೆ ಮಾತ್ರ ಇದನ್ನು ಅನುಸರಿಸಬೇಡಿ.

ಗಿಡಮೂಲಿಕೆಯೇ ಬೇಕು ಅಂದರೆ ಕ್ರಾನ್‌ಬೆರಿ ಅನ್ನುವ ಹುಳಿ ಹಣ್ಣನ್ನು ನೋಡಬಹುದು. ಅದರಲ್ಲಿರುವ ಒಂದು ಬಗೆಯ ಟ್ಯಾನಿನ್ (ಒಗರು ಅಂಶ) ಬ್ಯಾಕ್ಟೀರಿಯಾ ಗೋಡೆಗೆ ಅಂಟದಂತೆ ತಡೆಯುತ್ತದೆ. ಪದೇ ಪದೇ ಸೋಂಕಾಗುವ ಹೆಂಗಸರಿಗೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆಯೂ ಹೇಳಿದೆ. ನೆನಪಿಡಿ, ಇದು ಬರದಂತೆ ತಡೆಯಲು. ಈಗ ಬಂದಿರುವುದಕ್ಕೆ ಮದ್ದಲ್ಲ. ಜ್ಯೂಸ್ ತಗೊಂಡರೆ ಸಕ್ಕರೆ ಹಾಕದ್ದು ತಗೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.