ರೋಬಸ್ಟಾ ಕಂಟೇನರ್ ಕಳಿಸುವ ಮುಂಚೆ ಸ್ಯಾಂಪಲ್ ಸರಿ ಮಾಡಿ

ಬ್ರದರ್, ಇಟಲಿಯ ಟ್ರಿಯೆಸ್ಟೆಗೆ ಕಾಫಿ ಕಳಿಸುವ ಬಗ್ಗೆ ನೀವು ಹಾಕಿದ ಪೋಸ್ಟ್ ಓದಿದೆ. ರೋಬಸ್ಟಾ ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಎಬಿ ಗ್ರೇಡ್ ಒಂದು ಕಂಟೇನರ್, ಸಿಐಎಫ್ ಬೆಲೆ (ಹಡಗಿನ ಬಾಡಿಗೆ, ವಿಮೆ ನಮ್ಮದೇ), ಜುಲೈನಲ್ಲಿ ಲೋಡಿಂಗ್, ಸ್ಯಾಂಪಲ್ ಪಾಸ್. ಕೆಳಗೆ ಎಲ್ಲರೂ ಅಭಿನಂದನೆ ಹೇಳಿದ್ದಾರೆ. ಆದರೆ ಆ ಒಂದು ಸಾಲು ಓದಿ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ. ‘ಕಣದಿಂದ ಒಳ್ಳೆ ಚೆರಿ ತೆಗೆದು, ಮನೆಯಲ್ಲೇ ಸಿಪ್ಪೆ ಬಿಡಿಸಿ, ಕಪ್ಪು ಕಾಳು ಆರಿಸಿ ಸ್ಯಾಂಪಲ್ ಕಳಿಸಿದೆ’ ಅಂತ ಬರೆದಿದ್ದೀರಲ್ಲ, ಅದು. ನಾವೂ ಇದನ್ನೇ ಮಾಡಿ ಏಟು ತಿಂದವರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಐಇಸಿ, ಆರ್‌ಸಿಎಂಸಿ, ಎಲ್‌ಯುಟಿ, ಎಡಿ ಕೋಡ್, ಹೀಗೆ ರಫ್ತಿಗೆ ಬೇಕಾದ ಕಾಗದಪತ್ರ ಎಲ್ಲ ಆಗಿದೆ ಅಂದಿದ್ದೀರಿ. ಅದನ್ನು ಬಿಡೋಣ.

20 ಅಡಿ ಕಂಟೇನರ್ ಅಂದ್ರೆ 60 ಕೆಜಿಯ 320 ಚೀಲ, 19.2 ಟನ್. ನೀವು ಕಳಿಸಿದ್ದು ಅರ್ಧ ಕೆಜಿ. ಅಂಥದ್ದೇ 19.2 ಟನ್ ನಿಮ್ಮ ಹತ್ತಿರ ಇದೆಯಾ? ಕ್ಯೂರಿಂಗ್ (ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಕಾಳು ಹಸನು ಮಾಡೋದು) ಇನ್ನೂ ಆಗಿಲ್ಲ. ಎಬಿ ಅಂದ್ರೆ 6 ಮಿ.ಮೀ. ಜರಡಿಯ ಮೇಲೆ ನಿಲ್ಲುವ ಕಾಳು, ಅದು ಎಷ್ಟು ಬರುತ್ತೆ ಅಂತ ಯಂತ್ರಕ್ಕೆ ಹಾಕಿದ ಮೇಲೇ ಗೊತ್ತಾಗೋದು. ಕಡಿಮೆ ಬಿದ್ದರೆ ಪಕ್ಕದ ತೋಟದವರ ಚೆರಿ ಸೇರಿಸ್ತೀನಿ ಅಂತ ಬೇರೆ ಹೇಳಿದ್ದೀರಿ. ಹಾಗಾದ್ರೆ ಆ ಸ್ಯಾಂಪಲ್ ಯಾವ ಕಾಫಿಯದ್ದು?

ನಮ್ಮ ಕಾಫಿಗೆ ಮೊದಲಿಂದಲೂ ದೊಡ್ಡ ಗಿರಾಕಿ ಇಟಲಿ. ಎಸ್ಪ್ರೆಸೊ ಬ್ಲೆಂಡ್‌ಗೆ ನಮ್ಮ ರೋಬಸ್ಟಾ ಅವರಿಗೆ ಬೇಕೇ ಬೇಕು. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಕೊಡಗು, ಚಿಕ್ಕಮಗಳೂರು, ಹಾಸನದಿಂದಲೇ ಹೋಗೋದು, ಚೆರಿ ಎಬಿ ಹೇಗಿರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಸಾಧಾರಣ ಎಬಿ ಕಳಿಸಿದ್ದರೂ ಅವರು ತಗೊಳ್ಳುತ್ತಿದ್ದರು. ನೀವೇ ಹೋಗಿ ನಿಮ್ಮ ತೋಟ ಕೊಡಲಾಗದ ಮಟ್ಟವನ್ನು ಒಪ್ಪಿಕೊಂಡು ಬಂದಿದ್ದೀರಿ.

ಬೆಲೆ ಏರುತ್ತಿರುವಾಗ ಇದೆಲ್ಲ ಯಾರೂ ಕೇಳಲ್ಲ. ಬಿದ್ದಾಗ ನೋಡಿ. 2025ರ ಫೆಬ್ರುವರಿಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,800 ಡಾಲರ್ ಮುಟ್ಟಿತ್ತು. ಅದೇ ವರ್ಷ ಜುಲೈ ಹೊತ್ತಿಗೆ 4,000ಕ್ಕಿಂತ ಕೆಳಗೆ ಬಂತು. ಮೇಲಿನ ಬೆಲೆಗೆ ಖರೀದಿ ಮಾಡಿ ಕೂತವರು ಆಗ ನಿಮ್ಮ ಚೀಲ ಬಿಚ್ಚಿ ಕಪ್ಪು ಕಾಳು ಎಣಿಸುತ್ತಾರೆ, ಸ್ಯಾಂಪಲ್ ಪಕ್ಕಕ್ಕಿಟ್ಟು ಫೋಟೊ ಕಳಿಸುತ್ತಾರೆ, ಇಷ್ಟು ಕಡಿಮೆ ಮಾಡಿ ಅನ್ನುತ್ತಾರೆ. ನಮಗೆ ಆಗಿದ್ದು ಅದೇ. ಸರಕು ಆ ಬಂದರಿನಲ್ಲಿ, ನಾವು ಇಲ್ಲಿ, ಹೋಲಿಸಿ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ಹಿಡಿ ಕಾಳೂ ಇರಲಿಲ್ಲ. ಕೇಳಿದಷ್ಟು ಬಿಟ್ಟುಕೊಟ್ಟೆವು. ವಾಪಸ್ ತರಿಸೋ ಖರ್ಚು ಅದಕ್ಕಿಂತ ಜಾಸ್ತಿ.

ಈಗ ನಾವು ಮಾಡೋದು ಹೀಗೆ. ಕ್ಯೂರಿಂಗ್, ಗ್ರೇಡಿಂಗ್, ಗಾರ್ಬಲಿಂಗ್ (ಕೆಟ್ಟ ಕಾಳು ಆರಿಸೋದು) ಮುಗಿದು ಚೀಲ ಹೊಲಿಯುವ ಮುಂಚೆ ನಾವೇ ಹೋಗಿ ನಿಲ್ಲುತ್ತೇವೆ. ಫೋನಲ್ಲಿ ಹೇಳಿದ್ರೆ ಮೇಲಿನ ಸಾಲಿನ ಚೀಲಗಳಿಂದ ತೆಗೆದು ಕೊಡುತ್ತಾರೆ. ಎಲ್ಲ ಚೀಲದಿಂದಲೂ ಒಂದೊಂದು ಹಿಡಿ, ಒಂದಷ್ಟು ಮೇಲಿಂದ, ಒಂದಷ್ಟು ತಳದಿಂದ. ಟಾರ್ಪಲ್ ಮೇಲೆ ರಾಶಿ ಮಾಡಿ, ಚೆನ್ನಾಗಿ ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಕಲೆಸಿ. ಬೇಕಾದಷ್ಟು ಉಳಿಯುವವರೆಗೆ ಹೀಗೇ ಮಾಡಿ. ಒಂದು ಕಾಳೂ ಆರಿಸಬೇಡಿ. ಬಿಟ್ಸ್ (ಒಡೆದ ಕಾಳು) ಇದ್ದರೆ ಇರಲಿ, ಬ್ರೌನ್ಸ್ (ಕಂದು ಕಾಳು) ಇದ್ದರೆ ಇರಲಿ.

ಅದನ್ನು ಮೂರು ಪಾಲು ಮಾಡಿ ಸೀಲ್ ಮಾಡಿ. ಒಂದು ಖರೀದಿದಾರರಿಗೆ, ಒಂದು ಕ್ಯೂರಿಂಗ್‌ನವರ ಹತ್ತಿರ, ಒಂದು ನಿಮ್ಮ ಹತ್ತಿರ. ಲಾಟ್ ನಂಬರ್, ಚೀಲಗಳ ಸಂಖ್ಯೆ, ತಾರೀಖು, ತೇವಾಂಶ ಬರೆದು ನೀವೂ ಕ್ಯೂರಿಂಗ್‌ನವರೂ ಸಹಿ ಹಾಕಿ. ಸಹಿ ಸೀಲ್‌ನ ಅಂಚಿನ ಮೇಲೆ ಹಾಯ್ದು ಹೋಗಬೇಕು, ಬಿಚ್ಚಿದರೆ ಗೊತ್ತಾಗುವ ಹಾಗೆ. ಇದೇ ಪ್ರಿ-ಶಿಪ್‌ಮೆಂಟ್ ಸ್ಯಾಂಪಲ್. ಇದನ್ನು ಒಪ್ಪಿದ್ದೇವೆ ಅಂತ ಅವರು ಮೇಲ್‌ನಲ್ಲಿ ಬರೆಯಬೇಕು. ವಾಟ್ಸಾಪ್‌ನಲ್ಲಿ ಹೆಬ್ಬೆರಳು ತೋರಿಸಿದರೆ ಸಾಲದು. ಸರಕು ಅಲ್ಲಿ ಇಳಿದು, ಪೂರ್ತಿ ದುಡ್ಡು ಬಂದು, ಇನ್ನು ತಕರಾರಿಲ್ಲ ಅಂತ ಆಗುವವರೆಗೆ ನಿಮ್ಮ ಪಾಲನ್ನು ಬಿಚ್ಚಬೇಡಿ. ಗಾಳಿ ಆಡದ ಡಬ್ಬದಲ್ಲಿ, ಕತ್ತಲೆ ಜಾಗದಲ್ಲಿಡಿ. ಅಡುಗೆಮನೆ ಅಟ್ಟದ ಮೇಲಂತೂ ಬೇಡವೇ ಬೇಡ.

ಇನ್ನು ಜುಲೈ. ಆ ತಿಂಗಳು ಮಂಗಳೂರಲ್ಲಿ ಗಾಳಿಯೇ ನೀರು. ಕಾಫಿ ಕಾಳನ್ನು ಕರಾವಳಿಯ ಮಳೆಗಾಳಿಗೆ ಹರಡಿಯೇ ಅಲ್ವಾ ಮಾನ್ಸೂನ್ಡ್ ಮಲಬಾರ್ ಕಾಫಿ ಮಾಡೋದು? ಅವರು ಬೇಕು ಅಂತ ಮಾಡುತ್ತಾರೆ, ನಿಮ್ಮದು ತಾನಾಗೇ ಆಗುತ್ತೆ. ರೋಬಸ್ಟಾ ಚೆರಿಯ ತೇವಾಂಶ 11 ಪರ್ಸೆಂಟ್ ದಾಟಬಾರದು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಮಿತಿ 12.5, ಆದರೆ ಆ ಮಿತಿ ನೋಡ್ಕೊಂಡು 12ಕ್ಕೆ ಲೋಡ್ ಮಾಡಿದರೆ ದಾರಿಯಲ್ಲೇ ಬೂಸಲು ಹಿಡಿಯುವ ಭಯ ಇದೆ. ಬಿಸಿ ಊರಿಂದ ಹೊರಟ ಕಂಟೇನರ್ ತಣ್ಣಗಿನ ಕಡೆ ಹೋದಾಗ ಒಳಗಿನ ತೇವ ಚಾವಣಿಗೆ ಹತ್ತಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತೆ. ಗೋಡೆಗೂ ಚಾವಣಿಗೂ ಕ್ರಾಫ್ಟ್ ಪೇಪರ್ ಹಾಕಿಸಿ, ತೇವ ಹೀರುವ ಚೀಲ ತೂಗುಹಾಕಿಸಿ. ಗೋಣಿ ಚೀಲದ ಒಳಗೆ ಗ್ರೇನ್‌ಪ್ರೊ (ಗಾಳಿ, ತೇವ ನುಗ್ಗದ ಒಳಚೀಲ) ಹಾಕುವುದಾದರೆ ಇನ್ನೂ ಒಳ್ಳೆಯದು, ದುಬಾರಿ ಅಂತ ನೋಡಬೇಡಿ. ಪೇಟೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಕವರ್ ಅದಕ್ಕೆ ಬದಲಿ ಅಲ್ಲ. ಮಾಯಿಶ್ಚರ್ ಮೀಟರ್ ವಿಷಯದಲ್ಲಿ ನನ್ನ ನಂಬಿಕೆ ಸಿನಾರ್ ಕಂಪನಿಯದರ ಮೇಲೆ. ಆನ್‌ಲೈನ್‌ನಲ್ಲಿ ಬರುವ ಎರಡು ಮುಳ್ಳಿನ ಮೀಟರ್ ಮರ ನೋಡೋಕೆ ಮಾಡಿದ್ದು, ಕಾಫಿಗೆ ಅದನ್ನು ಚುಚ್ಚಬೇಡಿ. ಯಾವ ಮೀಟರ್ ಆದರೂ ಕ್ಯಾಲಿಬ್ರೇಶನ್ ಮಾಡಿಸದೆ ನಂಬಬೇಡಿ.

ತೂಕದ ಮಾತೂ ಇಲ್ಲೇ ಬರುತ್ತೆ. ಯುರೋಪಿನ ಸ್ಟ್ಯಾಂಡರ್ಡ್ ಕಾಂಟ್ರಾಕ್ಟ್‌ನಲ್ಲಿ ಅರ್ಧ ಪರ್ಸೆಂಟ್‌ಗಿಂತ ಜಾಸ್ತಿ ತೂಕ ಇಳಿದರೆ ಅದು ಮಾರಿದವರ ತಲೆಗೆ. ತೇವ ಇರುವ ಕಾಳು ತುಂಬಿಸಿ ತೂಕ ಬಂತು ಅಂತ ಖುಷಿಪಟ್ಟರೆ ಅದನ್ನು ಅಲ್ಲಿ ಕತ್ತರಿಸುತ್ತಾರೆ.

ಸಿಐಎಫ್ ಯಾಕೆ ಒಪ್ಪಿಕೊಂಡಿರಿ? ಮೊದಲ ಕಂಟೇನರ್‌ಗೆ ಎಫ್‌ಒಬಿ ನವಮಂಗಳೂರು (ಅಲ್ಲಿ ಹಡಗಿಗೆ ಹತ್ತಿಸುವವರೆಗಿನ ಖರ್ಚು ಮಾತ್ರ ನಮ್ಮದು) ಅಂತ ಮಾಡಿ ಹಡಗಿನ ಬಾಡಿಗೆ ಅವರಿಗೇ ಬಿಡಬೇಕಿತ್ತು. 2023ರ ಕೊನೆಯಲ್ಲಿ ಕೆಂಪು ಸಮುದ್ರದ ಗಲಾಟೆ ಶುರುವಾದಾಗ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಬಾಡಿಗೆ ಏರಿತು, ದಿನಗಳೂ ಜಾಸ್ತಿ ಆದವು. ಅಂಥ ಹೊತ್ತಲ್ಲಿ ಸಿಐಎಫ್ ಒಪ್ಪಿದವರ ಲಾಭ ಪೂರ್ತಿ ಬಾಡಿಗೆಗೇ ಹೋಗುತ್ತೆ.

ಪಕ್ಕದವರ ಚೆರಿ ಸೇರಿಸುವ ಯೋಚನೆ ಇದ್ದರೆ ಅವರ ತೋಟದ ಜಿಯೊಲೊಕೇಶನ್ (ನಕ್ಷೆಯಲ್ಲಿ ಜಾಗದ ಗುರುತು) ಕೂಡ ಬೇಕಾಗುತ್ತೆ. ಯುರೋಪಿನ ಇಯುಡಿಆರ್ ಕಾನೂನಿನ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ. 4 ಹೆಕ್ಟೇರ್ ದಾಟಿದ ತೋಟಕ್ಕೆ ಒಂದು ಪಾಯಿಂಟ್ ಸಾಕಾಗಲ್ಲ, ಸುತ್ತ ಗಡಿಯನ್ನೇ ಗುರುತಿಸಬೇಕು. ಜಾರಿಯನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾರೆ, ನಿಜ. ಆದರೆ ಖರೀದಿದಾರರು ಈಗಲೇ ಕೇಳುತ್ತಿದ್ದಾರೆ. ಕಾಫಿ ಬೋರ್ಡ್‌ನ ಇಂಡಿಯಾ ಕಾಫಿ ಆ್ಯಪ್‌ನಲ್ಲಿ ನೋಂದಣಿ ಮಾಡಿಕೊಳ್ಳಿ, ಆರ್‌ಟಿಸಿ ಒಂದೇ ಸಾಕು ಅಂದುಕೊಳ್ಳಬೇಡಿ. ಪಕ್ಕದವರು ಯಾವ ಔಷಧಿ ಹೊಡೆದಿದ್ದಾರೆ ಅಂತಲೂ ಕೇಳಿ. ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕಕ್ಕೆ ಯುರೋಪಿನಲ್ಲಿ 2020ರಿಂದ ಅನುಮತಿ ಇಲ್ಲ. ನಮ್ಮಲ್ಲಿ ಅದನ್ನು ಇನ್ನೂ ಹೊಡೆಯುವವರಿದ್ದಾರೆ.

ದುಡ್ಡಿನ ಬಗ್ಗೆ ಒಂದೇ ಮಾತು. ಒರಿಜಿನಲ್ ಬಿಲ್ ಆಫ್ ಲೇಡಿಂಗ್ (ಸರಕು ಬಿಡಿಸಿಕೊಳ್ಳಲು ಬೇಕಾದ ಹಡಗಿನವರ ಪತ್ರ) ಬ್ಯಾಂಕ್ ಮೂಲಕವೇ ಹೋಗಬೇಕು. ‘ಕೊರಿಯರ್ ಮಾಡಿ, ಸರಕು ಬಿಡಿಸಿಕೊಂಡ ಮೇಲೆ ದುಡ್ಡು ಕಳಿಸ್ತೀವಿ’ ಅಂದರೆ ಬೇಡ ಅನ್ನಿ. ಇಸಿಜಿಸಿ ಕವರ್ (ಖರೀದಿದಾರರು ದುಡ್ಡು ಕೊಡದಿದ್ದರೆ ಸಿಗುವ ರಫ್ತು ವಿಮೆ) ತಗೊಳ್ಳಿ.

ಕಾಮೆಂಟ್‌ನಲ್ಲಿ ಒಬ್ಬರು ಅದೇ ಕಂಟೇನರ್‌ಗೆ ಸ್ವಲ್ಪ ಮೆಣಸೂ ಹಾಕಿ ಅಂದಿದ್ದಾರೆ. ದಯವಿಟ್ಟು ಹಾಕಬೇಡಿ. ಕಾಫಿ ಪಕ್ಕದ ವಾಸನೆ ಎಳೆದುಕೊಳ್ಳುತ್ತೆ, ಒಂದೇ ಗೋಡೌನ್‌ನಲ್ಲಿ ಇಡುವುದೂ ತಪ್ಪು. ಮೆಣಸಿನ ಲೆಕ್ಕವೇ ಬೇರೆ. ಅದಕ್ಕೆ ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ನೀವು ಇವತ್ತೇ ಟ್ರಿಯೆಸ್ಟೆಯವರಿಗೆ ಮೇಲ್ ಮಾಡಿ. ಮೊದಲು ಕಳಿಸಿದ್ದು ತೋಟದ ಮಾದರಿ ಮಾತ್ರ, ಕ್ಯೂರಿಂಗ್ ಆದ ಲಾಟ್‌ನಿಂದ ಪ್ರಿ-ಶಿಪ್‌ಮೆಂಟ್ ಸ್ಯಾಂಪಲ್ ಬರುತ್ತೆ, ಅದನ್ನು ನೀವು ಒಪ್ಪಿದ ಮೇಲೇ ಲೋಡಿಂಗ್ ಅಂತ ಬರೆಯಿರಿ. ಬೆಲೆ ಸ್ವಲ್ಪ ಇಳಿಸಿ ಅಂದರೂ ಈಗಲೇ ಇಳಿಸಿ ಮುಗಿಸಿ. ಅವರ ಉತ್ತರ ಬರುವವರೆಗೆ ಕಂಟೇನರ್ ಬುಕ್ ಮಾಡಬೇಡಿ. ಕಾಂಟ್ರಾಕ್ಟ್‌ನಲ್ಲಿ ಸ್ಯಾಂಪಲ್ ಬಗ್ಗೆ ಇರುವ ಸಾಲುಗಳನ್ನು ಇಲ್ಲಿ ಹಾಕಿ, ಹೆಸರು ಬೆಲೆ ಮುಚ್ಚಿ. ರಾತ್ರಿ ಕೂತು ನೋಡ್ತೀನಿ.